ಹಳೇ ಜೀಪ್ ತಗೊಳ್ಳೋದಾದ್ರೆ ಮೇಸ್ತ್ರಿಯನ್ನೂ ನೋಡ್ಕೊಳ್ಳಿ

ಸೆಕೆಂಡ್ ಹ್ಯಾಂಡ್ ಫೋರ್ ವೀಲ್ ಗಾಡಿ (ನಾಲ್ಕೂ ಗಾಲಿಗೆ ಇಂಜಿನ್ ಬಲ ಹೋಗೋದು) ತಗೋಬೇಕು ಅಂತ ಯಾರಾದ್ರೂ ಬಾಯಿ ಬಿಟ್ರೆ ಸಾಕು, ನಮ್ಮ ಶಿರಸಿ ಕಡೆ ತಕ್ಷಣ ಎರಡು ಪಾರ್ಟಿ ಆಗಿಬಿಡತ್ತೆ. ಒಂದು ಪಾರ್ಟಿ ಮಹೀಂದ್ರದ ಹಳೇ ಎಂಎಂ 540 ಜೀಪು ಇಲ್ಲಾಂದ್ರೆ ಮಾರುತಿ ಜಿಪ್ಸಿ ತಗೋ, ಕಣ್ಣು ಮುಚ್ಕೊಂಡು ತಗೋ, ನಾಲ್ಕು ಸ್ಪ್ಯಾನರ್ ಇದ್ರೆ ರಸ್ತೆ ಮೇಲೇ ರಿಪೇರಿ ಆಗತ್ತೆ ಅನ್ನತ್ತೆ. ಇನ್ನೊಂದು ಪಾರ್ಟಿ ಆ ತುಕ್ಕು ಹಿಡಿದಿದ್ದು ಯಾರಿಗೆ ಬೇಕು ಮಾರಾಯ, ಎರಡ್ಮೂರು ವರ್ಷ ಓಡಿದ ಮಹೀಂದ್ರದ ಹೊಸ ಥಾರೋ ಮಾರುತಿ ಜಿಮ್ನಿನೋ ಹುಡುಕು, ಏಸಿ ಹಾಕ್ಕೊಂಡು ಆರಾಮಾಗಿ ಓಡಾಡು ಅನ್ನತ್ತೆ. ಕಳೆದ ಮಳೆಗಾಲ ಮುಗಿದಾಗಿಂದ ನಾನು ಈ ಎರಡೂ ಪಾರ್ಟಿಯ ಮಾತು ಕೇಳ್ತಾ, ಸಿಕ್ಕ ಸಿಕ್ಕ ಗಾಡಿಗಳ ಕೆಳಗೆ ಟಾರ್ಚ್ ಹಿಡ್ಕೊಂಡು ಮಲಗ್ತಾ ಕಾಲ ಕಳೆದೆ. ಈಗ ಗಾಡಿ ಮನೆಗೆ ಬಂದಿದೆ. ಅದಕ್ಕೇ ಮನಸ್ಸಲ್ಲಿ ಇದ್ದಿದ್ದನ್ನೆಲ್ಲ ಬರೆದು ಹಾಕೋಣ ಅನ್ನಿಸ್ತು.

ಮೊದಲು ನಮ್ಮ ರಸ್ತೆ ಎಂತದ್ದು ಅಂತ ಹೇಳಬೇಕು, ಯಾಕಂದ್ರೆ ಅದು ಗೊತ್ತಿಲ್ಲದೆ ಉಳಿದಿದ್ದು ಯಾವುದೂ ಅರ್ಥ ಆಗಲ್ಲ. ಹುಲೇಕಲ್ ಕಡೆ ಹೋಗಿ ಒಳಗೆ ತಿರುಗಿದ್ರೆ ಸ್ವಲ್ಪ ದೂರಕ್ಕೆ ಡಾಂಬರು ಮುಗಿಯತ್ತೆ, ಆಮೇಲೆ ಕೆಂಪು ಮಣ್ಣು, ನಡುವೆ ಒಂದು ಹಳ್ಳ, ಹಳ್ಳ ದಾಟಿದ್ಮೇಲೆ ಬೆಟ್ಟದ ಅಂಚಲ್ಲಿ ಏರು, ಏರಿನ ತುದಿಗೆ ಮನೆ, ಮನೆಯಿಂದ ಕೆಳಗೆ ತೋಟಕ್ಕೆ ಇಳಿಯೋ ಇನ್ನೊಂದು ದಾರಿ. ಬೇಸಿಗೆಯಲ್ಲಿ ಯಾವ ಆಲ್ಟೋ ಬೇಕಾದ್ರೂ ಬರತ್ತೆ. ಜೂನ್ ಆದ್ಮೇಲೆ ನೀರು ಮಣ್ಣನ್ನ ಕೊರೆದು ಎರಡು ಗಾಲಿ ಜಾಡೂ ಕಾಲುವೆ ಆಗಿರತ್ತೆ, ನಡುವಿನ ದಿಂಡು ಹೊಟ್ಟೆಗೆ ತಾಗತ್ತೆ, ಏರಲ್ಲಿ ಕಲ್ಲಿನ ಮೇಲೆ ಪಾಚಿ. ಆ ದಾರೀಲೇ ಅಡಿಕೆಯ ಕೊಳೆರೋಗದ ಔಷಧಿಗೆ ಮೈಲುತುತ್ತ, ಸುಣ್ಣ, ಪಂಪು, ಡ್ರಮ್ಮು ಎಲ್ಲಾ ಹೋಗಬೇಕು. ಗೊನೆ ಕೊಯ್ಲಾದ್ರೆ ಅಡಿಕೆ ಮೇಲೆ ಬರಬೇಕು. ಮಗಳನ್ನ ಸ್ಕೂಲ್ ಬಸ್ಸಿನ ತನಕ ಬಿಡೋದೂ ಅದೇ ದಾರಿ, ಆಯಿಗೆ (ಅಮ್ಮಂಗೆ) ರಾತ್ರಿ ಹೊತ್ತು ಎದೆ ಉರಿ ಅಂದ್ರೆ ಶಿರಸಿಗೆ ಓಡೋದೂ ಅದೇ ದಾರಿ. ಫೋರ್ ವೀಲ್ ನಮಗೆ ಭಾನುವಾರದ ಶೋಕಿ ಅಲ್ಲ.

ಅಪ್ಪಯ್ಯನ ಹತ್ರ ತುಂಬಾ ವರ್ಷ ಎಂಎಂ 540 ಇತ್ತು. ಪೂಜೋ ಕಂಪನಿ ಡಿಸೈನಿನ 2.1 ಲೀಟರ್ ಡೀಸೆಲ್ ಇಂಜಿನ್, ಟರ್ಬೋ ಇಲ್ಲ, ಕಂಪ್ಯೂಟರ್ ಇಲ್ಲ, ಒಮ್ಮೆ ಸ್ಟಾರ್ಟ್ ಆದ್ಮೇಲೆ ಬ್ಯಾಟರಿ ಸತ್ರೂ ಓಡ್ತಾ ಇರತ್ತೆ. ಮುಂದೂ ಹಿಂದೂ ಗಟ್ಟಿ ಆಕ್ಸಲ್ (ಎರಡು ಗಾಲಿ ಸೇರಿಸೋ ಒಂದೇ ದಂಡ), ಲೀಫ್ ಪ್ಲೇಟಿನ ಸ್ಪ್ರಿಂಗು, 6.00-16 ಅಳತೆಯ ಸಪೂರ ಟೈರು. ಈಗಿನ ಹುಡುಗರು ಆ ಟೈರ್ ನೋಡಿ ಮೂಗು ಮುರೀತಾರೆ, ಆದ್ರೆ ನಮ್ಮ ಕೆಸರಿಗೆ ಅದು ಎಷ್ಟು ಒಳ್ಳೇದು ಅಂದ್ರೆ, ಮೇಲಿನ ಒಂದು ಗೇಣು ಲೊಳಲೊಳ ಮಣ್ಣನ್ನ ಕೊಯ್ಕೊಂಡು ಕೆಳಗಿನ ಗಟ್ಟಿ ನೆಲಕ್ಕೆ ಹೋಗಿ ಕಚ್ಚತ್ತೆ. ಅಗಲ ಟೈರು ಮರಳಿಗೆ ಒಳ್ಳೇದು, ಕಾರವಾರದ ಬೀಚಲ್ಲಿ ಗಾಳಿ ಇಳಿಸ್ಕೊಂಡು ಓಡಿಸಿ ಬೇಕಾದ್ರೆ. ಕೆಂಪು ಮಣ್ಣಿನ ಕೆಸರಲ್ಲಿ ಮಾತ್ರ ಅದು ಮೇಲೇ ತೇಲಿ ಜಾರತ್ತೆ. ಫೋರ್ ವೀಲ್ ಲೋ (ಮೆಲ್ಲಗೆ, ಆದ್ರೆ ಜಾಸ್ತಿ ಬಲದಲ್ಲಿ ಓಡಿಸೋ ಗೇರು) ಹಾಕಿ, ಒಂದನೇ ಗೇರಲ್ಲಿ ಎಕ್ಸಲೇಟರ್ ಮೇಲೆ ಕಾಲೇ ಇಡದೆ ಬಿಟ್ರೆ ಆ ಜೀಪು ತಾನಾಗೇ ಏರ್ತಿತ್ತು. ನಾನು ಗಾಡಿ ಕಲಿತಿದ್ದೇ ಅದರಲ್ಲಿ.

ಹಂಗಾಗಿ ಮನಸ್ಸು ಮೊದಲು ಹೋಗಿದ್ದೂ ಇನ್ನೊಂದು ಹಳೇ ಜೀಪಿನ ಕಡೆಗೇ. ಸಿದ್ದಾಪುರದ ಹತ್ರ ಒಂದು ಇದೆ ಅಂತ ಗೊತ್ತಾಯ್ತು, ಇಂಜಿನ್ ಹೊಸದಾಗಿ ಕಟ್ಟಿಸಿದ್ದು. ಅದನ್ನ ನೋಡೋಕೆ ಹೋಗೋ ಮುಂಚೆ, ಅಪ್ಪಯ್ಯನ ಜೀಪನ್ನ ಕೊನೆ ತನಕ ನೋಡ್ಕೊಂಡಿದ್ದ ಮೆಕ್ಯಾನಿಕ್ ಮೇಸ್ತ್ರಿ ಹತ್ರ ಹೋದೆ, ಒಂದ್ಸಲ ಬಂದು ನೋಡಿ ಅಂತ ಕೇಳೋಕೆ. ಅವರು ನೋಜಲ್ ಒಂದನ್ನ ಡೀಸೆಲ್ ಡಬ್ಬೀಲಿ ತೊಳೀತಾ ಇದ್ರು. ತಲೆ ಎತ್ತದೇನೇ ಹೇಳಿದ್ರು: "ಹೆಗಡೇರೆ, ಜೀಪು ಸಿಗತ್ತೆ. ನಾನು ಇನ್ನೆಷ್ಟು ವರ್ಷ ಸಿಗ್ತೇನೆ ಅದ ಮೊದ್ಲು ಹೇಳಿ."

ಅವರಿಗೆ ಎಪ್ಪತ್ತರ ಹತ್ರ. ಮಗ ಬೆಂಗಳೂರಲ್ಲಿ, ಗಾಡಿ ಕೆಲಸಕ್ಕೂ ಅವನಿಗೂ ಸಂಬಂಧ ಇಲ್ಲ. ಕೆಲಸ ಕಲೀತಿದ್ದ ಹುಡುಗರು ಟೂ ವೀಲರ್ ಗ್ಯಾರೇಜ್ ಹಾಕ್ಕೊಂಡ್ರು. ನಾನು ಅಲ್ಲಿ ಕೂತಿದ್ದಷ್ಟು ಹೊತ್ತು ಅವರ ಕೈಯನ್ನೇ ನೋಡ್ತಿದ್ದೆ. ಪಂಪ್ ಟೈಮಿಂಗ್ ಕೂರಿಸೋದು, ಕ್ರೌನ್ ಪಿನಿಯನ್ ಸಂದು ಎಷ್ಟು ಬಿಡಬೇಕು, ಮುಂದಿನ ಹಿಂದಿನ ಗಾಲಿಗೆ ಬಲ ಹಂಚೋ ಟ್ರಾನ್ಸ್‌ಫರ್ ಕೇಸಲ್ಲಿ ಯಾವ ಬೇರಿಂಗ್ ಸದ್ದು ಹೆಂಗಿರತ್ತೆ, ಇದ್ಯಾವುದೂ ಅವರು ಬರೆದಿಟ್ಟಿಲ್ಲ. ಹಳೇ ಗಾಡಿ ಎಲ್ಲಿ ಬೇಕಾದ್ರೂ ರಿಪೇರಿ ಆಗತ್ತೆ ಅಂತ ನಾವು ಹೇಳ್ತಾ ಬಂದಿದ್ದೀವಲ್ಲ, ಆ ಮಾತು ಊರಿಗೊಬ್ಬ ಇಂಥ ಮನುಷ್ಯ ಇದ್ದ ಕಾಲದ್ದು. ರಿಪೇರಿ ಆಗೋ ಗುಣ ಜೀಪಲ್ಲಿ ಅರ್ಧ ಇತ್ತು, ಉಳಿದರ್ಧ ಅವರ ಕೈಯಲ್ಲಿತ್ತು. ಆ ಅರ್ಧ ಈಗ ನಮ್ಮ ತಾಲೂಕಲ್ಲಿ ವರ್ಷ ವರ್ಷ ಕಮ್ಮಿ ಆಗ್ತಾ ಇದೆ, ಅದನ್ನ ಲೆಕ್ಕಕ್ಕೆ ತಗೊಳ್ಳದೆ ಹಳೇ ಗಾಡಿ ತಗೊಳ್ಳೋದು ಸರಿ ಅಲ್ಲ ಅಂತ ನನಗೆ ಅವತ್ತು ಗಟ್ಟಿಯಾಗಿ ಅನ್ನಿಸ್ತು.

ಸಿದ್ದಾಪುರದ ಜೀಪ್ ಬಿಟ್ಟೆ. ಅದು ಒಳ್ಳೇ ಜೀಪೇ, ಬೇರೆ ಯಾರೋ ತಗೊಂಡ್ರು.

ಆಮೇಲೆ ಜಿಪ್ಸಿ. 1985ರಲ್ಲಿ ಬಂದ ಗಾಡಿ, ಸಾವಿರ ಕೆಜಿ ಆಸುಪಾಸಿನ ತೂಕ, 1996ರಿಂದ 1.3 ಲೀಟರ್ ಇಂಜಿನ್ನು, 2019ರ ಹೊತ್ತಿಗೆ ನಮ್ಮಂಥವರಿಗೆ ಮಾರೋದು ನಿಂತಿತು. ಹಗುರ ಇರೋದೇ ಅದರ ಶಕ್ತಿ, ಭಾರದ ಗಾಡಿ ಹೂತು ಹೋಗೋ ಜಾಗದಲ್ಲಿ ಇದು ಮೇಲಿಂದ ಮೇಲೆ ಹೋಗಿಬಿಡತ್ತೆ, ಸಿಕ್ಕಿಹಾಕ್ಕೊಂಡ್ರೂ ನಾಲ್ಕು ಜನ ಸೇರಿ ತಳ್ಳಿದ್ರೆ ಬರತ್ತೆ. ಕಾರವಾರದಲ್ಲಿ ಒಂದು ಸಿಕ್ತು, ಗೋವಾ ರಿಜಿಸ್ಟ್ರೇಶನ್ನು. ಹೊರಗಿಂದ ನೋಡಿದ್ರೆ ಮದುವೆ ಮನೆಗೆ ಹೊರಟಂಗೆ ಪೇಂಟು. ಕೆಳಗೆ ಮಲಗಿ ಚಾಸಿಗೆ (ಇಡೀ ಗಾಡಿ ಕೂತಿರೋ ಕಬ್ಬಿಣದ ಚೌಕಟ್ಟಿಗೆ) ಸ್ಪ್ಯಾನರಿಂದ ಮೆಲ್ಲಗೆ ತಟ್ಟುತ್ತಾ ಹೋದೆ. ಮುಂದೆಲ್ಲ ಟಣ್ ಟಣ್ ಅಂತಿತ್ತು, ಹಿಂದಿನ ಪ್ಲೇಟು ಚಾಸಿಗೆ ಸೇರೋ ಹ್ಯಾಂಗರ್ ಹತ್ರ ಬಂದಾಗ ಸದ್ದು ಬದಲಾಗಿ ಡಬ್ ಡಬ್ ಆಯ್ತು. ಸ್ಕ್ರೂಡ್ರೈವರ್ ತುದಿ ಇಟ್ಟು ಒತ್ತಿದ್ರೆ ಪೇಂಟಿನ ಪದರ ಬಿರಿದು ಒಳಗೇ ಹೋಯ್ತು, ಕಂದು ಪುಡಿ ನನ್ನ ಕಣ್ಣ ಮೇಲೇ ಉದುರಿತು. ಸಮುದ್ರದ ಉಪ್ಪುಗಾಳಿ ಮಾಡೋ ಕೆಲಸ ಇದು. ಮಣ್ಣು ಚಾಸಿ ಒಳಗೆ ಸೇರ್ಕೊಂಡು ಒದ್ದೆಯಾಗೇ ಇರತ್ತೆ, ಉಪ್ಪು ಸೇರಿದ್ರೆ ಒಳಗಿಂದ ತಿನ್ನತ್ತೆ, ಹೊರಗೆ ಏನೂ ಕಾಣಲ್ಲ. ಕರಾವಳಿ ಗಾಡಿ ತಗೊಳ್ಳೋರು ಇಂಜಿನ್ ನೋಡೋಕೆ ಹತ್ತು ನಿಮಿಷ ಕೊಟ್ರೆ ಚಾಸಿಗೆ ಅರ್ಧ ಗಂಟೆ ಕೊಡಿ. ಇಂಜಿನ್ ಬಿಚ್ಚಿ ಕಟ್ಟಬಹುದು, ಕೊಳೆತ ಚಾಸಿಗೆ ತೇಪೆ ವೆಲ್ಡಿಂಗ್ ಹಾಕಿ ಮೇಲೆ ಮಕ್ಕಳನ್ನ ಕೂರಿಸಬಾರದು.

ಅದೇ ಗಾಡೀಲಿ ಇನ್ನೊಂದು ನೋಡಿದೆ. ಹಿಂದಿನ ಡಿಫರೆನ್ಶಿಯಲ್ (ಎಡ ಬಲ ಗಾಲಿಗೆ ಬಲ ಹಂಚೋ ಗೇರು) ಹೌಸಿಂಗಿನ ಆಯಿಲ್ ಪ್ಲಗ್ ಬಿಚ್ಚಿ ಬೆರಳು ಹಾಕಿದ್ರೆ ಬಂದಿದ್ದು ಹಾಲು ಜಾಸ್ತಿ ಆದ ಚಾ ಥರದ ಬಣ್ಣದ ಆಯಿಲ್ಲು. ಅಂದ್ರೆ ನೀರು ಒಳಗೆ ಹೋಗಿದೆ. ಬಿಸಿಯಾದ ಹೌಸಿಂಗ್ ತಣ್ಣನೆ ಹಳ್ಳದ ನೀರಿಗೆ ಇಳಿದ ತಕ್ಷಣ ಒಳಗಿನ ಗಾಳಿ ಕುಗ್ಗಿ, ಗಾಳಿ ಆಡೋ ಬ್ರೀದರ್ ತೂತಿನ ಮೂಲಕವೋ ಸವೆದ ಸೀಲ್ ಮೂಲಕವೋ ನೀರನ್ನ ಎಳ್ಕೊಳ್ಳತ್ತೆ. ಆ ಆಯಿಲ್ಲಲ್ಲೇ ತಿಂಗಳುಗಟ್ಟಲೆ ಓಡಿಸಿದ್ರೆ ಬೇರಿಂಗು, ಕ್ರೌನ್ ಎರಡೂ ಮುಗೀತು. ಫೋರ್ ವೀಲ್ ಗಾಡಿ ನೋಡೋಕೆ ಹೋದಾಗ ಈ ಪ್ಲಗ್ ಬಿಚ್ಚೋಕೆ ಮಾಲೀಕ ಬಿಡ್ಲಿಲ್ಲ ಅಂದ್ರೆ ನಮಸ್ಕಾರ ಹೇಳಿ ವಾಪಸ್ ಬನ್ನಿ. ಎರಡೂ ಡಿಫರೆನ್ಶಿಯಲ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ನಾಲ್ಕೂ ಕಡೆ ನೋಡ್ಲೇಬೇಕು.

ಹಳೇ ಜಿಪ್ಸಿಗೆ ಈಗ ಪೆಟ್ರೋಲಿಂದೂ ಒಂದು ತೊಂದರೆ. ಬಂಕಲ್ಲಿ ಸಿಗ್ತಿರೋದು ಇಪ್ಪತ್ತು ಪರ್ಸೆಂಟ್ ಎಥನಾಲ್ ಸೇರಿದ ಪೆಟ್ರೋಲು, 2023ರಿಂದ ಈಚೆಗೆ ಬಂದ ಗಾಡಿಗಳನ್ನ ಅದಕ್ಕೆ ತಕ್ಕಂಗೆ ಮಾಡಿದ್ದಾರೆ, ಕಾರ್ಬುರೇಟರ್ ಕಾಲದ ಗಾಡಿಯ ರಬ್ಬರ್ ಪೈಪು, ಗ್ಯಾಸ್ಕೆಟ್ಟು, ಡಯಾಫ್ರಮ್ಮು ಅದಕ್ಕಂತ ಮಾಡಿದ್ದಲ್ಲ. ಮಳೆಗಾಲದಲ್ಲಿ ಗಾಡಿ ತಿಂಗಳು ನಿಂತ್ರೆ ಎಥನಾಲು ಹವೆಯ ನೀರನ್ನ ಎಳ್ಕೊಂಡು ಟ್ಯಾಂಕ್ ತಳದಲ್ಲಿ ಕೂರತ್ತೆ. ಪೈಪ್ ಎಲ್ಲಾ ಬದಲಾಯಿಸಿದ್ರೆ ಓಡತ್ತೆ, ಓಡಿಸ್ತಾ ಇರೋರು ಬೇಕಾದಷ್ಟು ಜನ ಇದ್ದಾರೆ, ಆದ್ರೆ ಆ ಖರ್ಚನ್ನ ಗಾಡಿ ರೇಟಿಗೆ ಸೇರಿಸಿ ಲೆಕ್ಕ ಹಾಕಬೇಕು.

ಕಾಗದಪತ್ರದ್ದು ಬೇಗ ಹೇಳಿ ಮುಗಿಸ್ತೀನಿ. ಸ್ವಂತದ ಗಾಡಿಗೆ ಆರ್‌ಸಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಎಫ್‌ಸಿ ಮಾಡಿಸಿ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಕಾರಿಗೆ ಆ ಫೀಸು 5,000 ಆಯ್ತು, 20 ವರ್ಷ ದಾಟಿದ ಗಾಡಿಗೆ 2025ರಲ್ಲಿ 10,000ಕ್ಕೆ ಏರಿಸಿದ್ರು, ಮೇಲೆ ಹಸಿರು ತೆರಿಗೆ ಬೇರೆ. ಗೋವಾ ಗಾಡಿ ಕಮ್ಮಿಗೆ ಸಿಗತ್ತೆ ಅಂತ ನಮ್ಮ ಕಡೆಯವರು ಓಡ್ತಾರೆ, ಅಲ್ಲಿಂದ ಎನ್‌ಒಸಿ ತಂದು ಇಲ್ಲಿ ಟ್ಯಾಕ್ಸ್ ಕಟ್ಟಿ ಕೆಎ ನಂಬರ್ ಮಾಡಿಸೋ ಹೊತ್ತಿಗೆ ಉಳಿಸಿದ್ದೆಲ್ಲ ಹೋಗಿರತ್ತೆ. ಮಿಲಿಟರಿ ಹರಾಜಿನ ಗಾಡಿ ಅಂದ್ರೆ ಹರಾಜಿನ ಕಾಗದ, ಚಾಸಿ ನಂಬರ್, ಇಂಜಿನ್ ನಂಬರ್ ಮೂರೂ ಆರ್‌ಸಿಗೆ ತಾಳೆ ಆಗೋ ತನಕ ಅಡ್ವಾನ್ಸ್ ಕೊಡಬೇಡಿ.

ಇಷ್ಟೆಲ್ಲ ಹೇಳಿದ್ಮೇಲೆ ಹೊಸದೇ ಒಳ್ಳೇದು ಅಂತ ನೀವು ಅಂದ್ಕೊಂಡಿರಬಹುದು. ಒಂದು ವಿಷಯದಲ್ಲಿ ಹೌದು, ಅದು ಸಣ್ಣ ವಿಷಯ ಅಲ್ಲ. 2019ರ ಏಪ್ರಿಲ್ ಆದ್ಮೇಲೆ ಮಾರಾಟ ಆದ ಎಲ್ಲಾ ಕಾರಿಗೂ ಎಬಿಎಸ್ (ಗಾಲಿ ಲಾಕ್ ಆಗದಂಗೆ ತಡೆಯೋ ಬ್ರೇಕು) ಕಡ್ಡಾಯ. 2020ರ ಅಕ್ಟೋಬರಲ್ಲಿ ಬಂದ ಹೊಸ ಥಾರ್‌ಗೆ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೇಲಿ ನಾಲ್ಕು ಸ್ಟಾರ್ ಬಂದಿದೆ, ಎರಡು ಏರ್‌ಬ್ಯಾಗ್ ಇದೆ, 226 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸು, 650 ಮಿಲಿಮೀಟರ್ ನೀರಿನ ತನಕ ಇಳಿಸಬಹುದು ಅಂತ ಕಂಪನಿಯೇ ಹೇಳತ್ತೆ. ಜುಲೈ ತಿಂಗಳ ರಾತ್ರಿ, ದೇವಿಮನೆ ಘಟ್ಟ ಇಳೀತಾ, ಎದುರಿಂದ ಲಾರಿ ಲೈಟು, ವೈಪರ್ ಸಾಲ್ತಾ ಇಲ್ಲ, ರಸ್ತೆ ತುಂಬ ಎಲೆ ಮತ್ತೆ ಕೆಸರು. ಆವಾಗ ಹಳೇ ಜೀಪಲ್ಲಿ ಬ್ರೇಕ್ ಒತ್ತೋದು ಹೆಂಗಿರತ್ತೆ ಅಂತ ಒತ್ತಿದವರಿಗೇ ಗೊತ್ತು, ಹಿಂದಿನ ಗಾಲಿ ಕಟ್ಟಿ ಗಾಡಿ ಅಡ್ಡ ತಿರುಗೋಕೆ ನೋಡತ್ತೆ. ಹಳೇ ಜೀಪು ನಮ್ಮನ್ನ ಹಳ್ಳ ದಾಟಿಸಿದ್ದನ್ನ ನಾವು ನೆನಪಿಟ್ಕೊಂಡಿದ್ದೀವಿ, ಹೆದ್ದಾರೀಲಿ ಅದರೊಳಗೆ ಕೂತೋರಿಗೆ ಎಂತ ರಕ್ಷಣೆ ಇತ್ತು ಅನ್ನೋದನ್ನ ಯಾರೂ ಮಾತಾಡಲ್ಲ.

ಮತ್ತೆ ನಮ್ಮ ಜಿಲ್ಲೆಯ ರಸ್ತೆ ಈಗೀಗ ಹೆಂಗಾಗಿದೆ ಅಂತ ನೋಡಿ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡವೇ ಕುಸಿದು ತೋಟ, ಮನೆ, ರಸ್ತೆ ಎಲ್ಲಾ ಹೋಯ್ತು. 2024ರ ಜುಲೈ 16ರಂದು ಅಂಕೋಲಾದ ಶಿರೂರಲ್ಲಿ ಹೆದ್ದಾರಿ ಮೇಲೇ ಗುಡ್ಡ ಬಂತು, ಜೀವ ಹೋದ್ವು, ಎಷ್ಟೋ ದಿನ ಆ ರಸ್ತೆ ಬಂದ್. ಒಂದು ದಾರಿ ಮುಚ್ಚಿದ್ರೆ ಸುತ್ತಿ ಬಳಸಿ ಇನ್ನೊಂದು ಘಟ್ಟದಲ್ಲಿ ಹೋಗಬೇಕು, ಆಸ್ಪತ್ರೆಗೆ ಇನ್ನೂ ದೂರ ಆಗತ್ತೆ. ಅಪ್ಪಯ್ಯನಿಗೆ ಯಾವ ಗಾಡಿ ತಗೊಳ್ಲಿ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ಒಂದೇ ಮಾತು: "ಯಾವ್ದಾದ್ರೂ ಅಡ್ಡಿಲ್ಲೆ ತಮಾ, ಮಳೆಗಾಲ್ದಲ್ಲಿ ಆಯಿನ ಹುಬ್ಬಳ್ಳಿ ತಂಕ ಕರ್ಕಂಡು ಹೋಪಲೆ ಬರವು." ಅಂದ್ರೆ ಮಳೆಗಾಲದಲ್ಲೂ ಅಮ್ಮನ್ನ ಹುಬ್ಬಳ್ಳಿ ತನಕ ಕರ್ಕೊಂಡು ಹೋಗೋಕೆ ಆಗಬೇಕು ಅಂತ.

ಆದ್ರೆ ಹೊಸ ಡೀಸೆಲ್ ಗಾಡಿ ನಮ್ಮಂಥ ಮನೆಗೆ ತಂದ್ರೆ ಅದಕ್ಕೆ ಇಲ್ಲಿಯ ಬದುಕೇ ಒಗ್ಗಲ್ಲ. 2020ರ ಏಪ್ರಿಲ್‌ನಿಂದ ಬಂದ, ಹೊಗೆ ಕಮ್ಮಿ ಮಾಡೋ ಬಿಎಸ್ 6 ನಿಯಮದ ಡೀಸೆಲ್‌ಗಳಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರತ್ತೆ, ಹೊಗೆಯ ಮಸಿಯನ್ನ ಹಿಡಿದಿಟ್ಕೊಳ್ಳೋದು. ಆ ಮಸಿ ಸುಟ್ಟು ಹೋಗಬೇಕಾದ್ರೆ ಗಾಡಿ ಹೈವೇ ಸ್ಪೀಡಲ್ಲಿ ಹದಿನೈದು ಇಪ್ಪತ್ತು ನಿಮಿಷ ಬಿಸಿಯಾಗಿ ಓಡಬೇಕು. ನಾವು ಓಡಿಸೋದು ಎಂತು? ಮನೆಯಿಂದ ತೋಟ, ತೋಟದಿಂದ ಮನೆ, ಡೈರಿ, ಸೊಸೈಟಿ, ಎಲ್ಲಾ ಒಂದು ಎರಡನೇ ಗೇರಲ್ಲೇ. ಫಿಲ್ಟರ್ ಕಟ್ಟತ್ತೆ, ಲೈಟ್ ಬರತ್ತೆ, ಆಮೇಲೆ ಪಿಕಪ್ಪೇ ಕಟ್. ನಮ್ಮ ಪಕ್ಕದೂರಿನ ಒಬ್ಬರ ಹೊಸ ಡೀಸೆಲ್ ಗಾಡಿ ಹಿಂಗೇ ಮನೆ ಅಂಗಳದಲ್ಲಿ ನಿಂತಿತ್ತು, ಅವರು ಪಾಪ ದಿನಾ ತೊಳೆದು ಒರೆಸಿ ಜೋಪಾನ ಮಾಡ್ತಿದ್ರು, ಗಾಡಿಗೆ ಬೇಕಾಗಿದ್ದಿದ್ದು ವಾರಕ್ಕೊಂದ್ಸಲ ಹುಬ್ಬಳ್ಳಿ ರಸ್ತೇಲಿ ಒಂದು ಒಳ್ಳೇ ಓಟ. ಇದರ ಜೊತೆ ಇಲಿ. ಅಡಿಕೆ, ತೆಂಗು, ಭತ್ತ ಇರೋ ಮನೇಲಿ ಇಲಿ ಇಲ್ಲದೆ ಇರತ್ತಾ, ರಾತ್ರಿ ಬಾನೆಟ್ ಒಳಗೆ ಬೆಚ್ಚಗೆ ಕೂತು ವೈರ್ ಕಡಿಯತ್ತೆ. ಅಪ್ಪಯ್ಯನ ಜೀಪಲ್ಲಿ ಇಡೀ ವೈರಿಂಗು ನಾಲ್ಕು ಬಣ್ಣ, ಟೇಪ್ ಸುತ್ತಿದ್ರೆ ಮುಗೀತು. ಹೊಸ ಗಾಡೀಲಿ ಒಂದು ಸೆನ್ಸರ್ ವೈರ್ ಹೋದ್ರೆ ಗಾಡಿ ಕಂಪ್ಯೂಟರಿನ ಎರರ್ ಓದೋ ಸ್ಕ್ಯಾನರ್ ಇರೋ ಕಡೆಗೇ ಹೋಗಬೇಕು, ಹಳ್ಳದ ಆಚೆ ದಂಡೇಲಿ ನಿಂತಿರೋ ಗಾಡೀನ ಎಳ್ಕೊಂಡು ಹೋಗೋಕೆ ಯಾವ ಟೋಯಿಂಗ್ ಗಾಡಿಯೂ ಇಳಿಯಲ್ಲ.

ಆದ್ರೂ ಇಲ್ಲೊಂದು ಮಾತು ಹೇಳಲೇಬೇಕು. ಸ್ಕ್ಯಾನರ್ ಹಿಡಿದ ಹುಡುಗರು ಈಗ ಶಿರಸಿಯಲ್ಲೇ ಇದ್ದಾರೆ. ಹತ್ತು ವರ್ಷದ ಹಿಂದೆ ಇದಕ್ಕೆಲ್ಲ ಹುಬ್ಬಳ್ಳಿಗೇ ಹೋಗಬೇಕಿತ್ತು. ಹಳೇ ಕೈ ಕಮ್ಮಿ ಆಗ್ತಿದೆ, ಹೊಸ ಕೈ ಹತ್ರ ಬರ್ತಿದೆ, ಎರಡೂ ಒಂದೇ ಕಾಲಕ್ಕೆ ನಡೀತಾ ಇದೆ. ಹಂಗಾಗಿ ನಾನು ಹುಡುಕಿದ್ದು ಈ ಎರಡೂ ಥರದ ಕೈಗೆ ಸಿಗೋ ಗಾಡಿ.

ಅದು ಮೊದಲನೇ ತಲೆಮಾರಿನ ಥಾರ್, ಅದರ ಡೀಸೆಲ್ ಮಾಡೆಲ್ಲಾದ ಸಿಆರ್‌ಡಿಇ. 2010ರಲ್ಲಿ ಶುರುವಾಗಿ 2020ರ ಹೊತ್ತಿಗೆ ಮುಗಿದ ಗಾಡಿ. 2.5 ಲೀಟರ್, 105 ಎಚ್‌ಪಿ, ಡಿಪಿಎಫ್ ಇಲ್ಲ. ಕಂಪ್ಯೂಟರ್ ಇದೆ, ಆದ್ರೆ ಸ್ವಲ್ಪ. ಫೋರ್ ವೀಲ್ ಹಾಕೋಕೆ ಗಟ್ಟಿ ಲಿವರ್ರೇ. ನಾನು 2015ರ ಫೇಸ್‌ಲಿಫ್ಟ್ ಆದ್ಮೇಲಿನದ್ದೇ ಬೇಕು ಅಂತ ಹಟ ಹಿಡಿದೆ, ಯಾಕಂದ್ರೆ ಅದರಲ್ಲಿ ಹಿಂದಿನ ಆಕ್ಸಲ್‌ಗೆ ಲಾಕಿಂಗ್ ಡಿಫರೆನ್ಶಿಯಲ್ ಬಂತು. ಜಾಡಲ್ಲಿ ಒಂದು ಗಾಲಿ ಗಾಳೀಲಿ ಎದ್ರೆ ಸಾದಾ ಡಿಫರೆನ್ಶಿಯಲ್ಲು ಇರೋ ಬಲನೆಲ್ಲ ಆ ಗಾಲಿಗೇ ಕೊಟ್ಟು ಸುಮ್ನೆ ತಿರುಗಿಸ್ತಾ ಇರತ್ತೆ, ಇದು ತಾನಾಗೇ ಲಾಕ್ ಆಗಿ ನೆಲದ ಮೇಲಿರೋ ಗಾಲಿಗೂ ಬಲ ಕೊಡತ್ತೆ. ನಮ್ಮ ಏರಲ್ಲಿ ಅದೊಂದೇ ಸಾಕು, ಗಾಡಿ ನಿಲ್ಲದೆ ಬರೋಕೆ.

ಕೊರತೆ ಇಲ್ಲ ಅಂತ ಹೇಳಲ್ಲ. ಮುಂದಿನ ಸಸ್ಪೆನ್ಶನ್ ಇಂಡಿಪೆಂಡೆಂಟು, ಅಂದ್ರೆ ಎರಡೂ ಗಾಲಿ ಬೇರೆ ಬೇರೆ ಆಡತ್ತೆ, ಹಳೇ ಜೀಪಿನ ಗಟ್ಟಿ ಆಕ್ಸಲ್ ಥರ ಒಂದು ಕಡೆ ಇಳಿದು ಒಂದು ಕಡೆ ಏರಲ್ಲ, ಗಾಲಿ ಬೇಗ ಗಾಳೀಲಿ ಏಳತ್ತೆ. ಮುಂದಿನ ಗಾಲಿಗೆ ಬಲ ಒಯ್ಯೋ ಸಿವಿ ಜಾಯಿಂಟಿನ ರಬ್ಬರ್ ಬೂಟ್ ಕಲ್ಲು ತಾಗಿ ಹರಿದ್ರೆ ಕೆಸರು ನುಗ್ಗಿ ಜಾಯಿಂಟ್ ಹಾಳು, ಅದನ್ನ ತಿಂಗಳಿಗೊಮ್ಮೆ ನೋಡ್ಕೋಬೇಕು. ಏರ್‌ಬ್ಯಾಗ್ ಇಲ್ಲ, ಇದು ನನಗೂ ನನ್ನ ಹೆಂಡತಿಗೂ ಮನಸ್ಸಲ್ಲಿ ಉಳಿದಿದೆ. ಅದಕ್ಕೇ ಹಿಂದಿನ ಎದುರುಬದುರು ಸೀಟಲ್ಲಿ ಮಗಳನ್ನ ಕೂರಿಸಲ್ಲ, ಮುಂದೆ ಬೆಲ್ಟ್ ಹಾಕಿಯೇ, ಮತ್ತೆ ದೂರದ ಪ್ರಯಾಣ ಆದಷ್ಟು ಬೆಳಕಿದ್ದಾಗ ಮಾತ್ರ ಅಂತ ಮನೇಲಿ ಮಾತಾಗಿದೆ.

ಕಾರವಾರದಲ್ಲಿರೋ ಭಾವನೂ ಅದೇ ಹೊತ್ತಿಗೆ ಗಾಡಿ ಹುಡುಕ್ತಿದ್ದ. ಅವನಿಗೂ ಹಳೇ ಜೀಪಿನ ಆಸೆ ಬಹಳ ಇತ್ತು, ನಾನು ಬೇಡ ಅಂದೆ. ಅವನ ಮನೆ ಸಮುದ್ರದ ಹತ್ರ, ದಿನಾ ಹೆದ್ದಾರೀಲಿ ಅಂಕೋಲಾಕ್ಕೆ ಹೋಗಿ ಬರ್ತಾನೆ, ವರ್ಷಕ್ಕೆ ನಾಲ್ಕು ಸಲ ಜೋಯಿಡಾದ ಮೂಲಮನೆಗೆ ಹೋಗೋಕೆ ಮಾತ್ರ ಫೋರ್ ವೀಲ್ ಬೇಕು. ಅಂಥವನಿಗೆ ಎರಡು ವರ್ಷ ಓಡಿದ ಜಿಮ್ನಿ ಸರಿ ಅಂತ ಅನ್ನಿಸ್ತು, 2023ರಲ್ಲಿ ಬಂದಿದ್ದು, 1.5 ಲೀಟರ್ ಪೆಟ್ರೋಲು, ಹಂಗಾಗಿ ಡಿಪಿಎಫ್ ತಲೆಬಿಸಿ ಇಲ್ಲ, ಆರು ಏರ್‌ಬ್ಯಾಗು, 1,200 ಕೆಜಿ ಹತ್ರದ ತೂಕ, ಮುಂದೂ ಹಿಂದೂ ಗಟ್ಟಿ ಆಕ್ಸಲ್ಲು, ಲೋ ಗೇರಿಗೆ ಕೈಯಿಂದ ಎಳೆಯೋ ಲಿವರ್ರು. ಒಂದೇ ಮಾತು ಹೇಳಿ ಕಳಿಸಿದೆ: ಮೊದಲ ದಿನವೇ ಚಾಸಿಗೆ ಒಳಗೆ ಹೊರಗೆ ತುಕ್ಕು ತಡೆಯೋ ಕೋಟಿಂಗ್ ಮಾಡಿಸು, ಬೀಚಿಗೆ ಇಳಿಸಿದ ದಿನ ರಾತ್ರಿಯೇ ಕೆಳಗೆಲ್ಲ ಸಿಹಿನೀರಲ್ಲಿ ತೊಳಿ. ತೊಳೀತಾ ಇದ್ದಾನೆ.

ಇನ್ನೊಂದು ಹೇಳೋಕೆ ಮರೀತಿದ್ದೆ. ಗಾಡಿ ಎತ್ತರ ಮಾಡೋ ಲಿಫ್ಟ್ ಕಿಟ್ ಹಾಕಿ, ದೊಡ್ಡ ಟೈರ್ ಏರಿಸಿ, ಲೈಟ್ ಬಾರ್, ವಿಂಚ್ ಎಲ್ಲಾ ಕಟ್ಟಿರೋ ಗಾಡಿ ನೋಡೋಕೆ ಚೆಂದ. ಆದ್ರೆ ದೊಡ್ಡ ಟೈರಿನ ಭಾರ ಬೇರಿಂಗ್, ಆಕ್ಸಲ್, ಸ್ಟೇರಿಂಗ್ ಜಾಯಿಂಟ್ ಎಲ್ಲದರ ಮೇಲೂ ಬಿದ್ದಿರತ್ತೆ, ಆರ್‌ಸಿಯಲ್ಲಿ ಇಲ್ಲದ ಬದಲಾವಣೆ ಅಂತ ಎಫ್‌ಸಿಗೆ ಹೋದಾಗಲೂ ಇನ್ಶೂರೆನ್ಸ್ ಕ್ಲೇಮಿಗೂ ತಕರಾರು. ಕಂಪನಿ ಟೈರಲ್ಲೇ, ಅಡಿಕೆ ಮೂಟೆ ಹೊತ್ಕೊಂಡು, ಸೀಟಿನ ರೆಕ್ಸಿನ್ ಹರಿದಿರೋ ಗಾಡಿ ಸಿಕ್ರೆ ಅದನ್ನೇ ಮೊದಲು ನೋಡಿ. ನನಗೆ ಸಿಕ್ಕಿದ್ದು ಅಂಥದ್ದೇ, ಬನವಾಸಿ ಕಡೆಯ ಒಬ್ಬ ರೈತರ 2016ರ ಗಾಡಿ, ಅವರೇ ಮೊದಲ ಓನರ್ರು, 2031ರ ತನಕ ಆರ್‌ಸಿ ಇದೆ. ನಾಲ್ಕೂ ಪ್ಲಗ್ ಬಿಚ್ಚೋಕೆ ಅವರೇ ಸ್ಪ್ಯಾನರ್ ತಂದು ಕೊಟ್ರು. ಮೇಸ್ತ್ರಿಯವರನ್ನೂ ಕರ್ಕೊಂಡು ಹೋಗಿದ್ದೆ, ಅವರು ಕಿವಿ ಕೊಟ್ಟು ಕೇಳಿ ಮುಂದಿನ ಎಡಗಾಲಿ ಬೇರಿಂಗ್ ಒಂದು ಬದಲಾಯಿಸಿ ಅಂದ್ರು, ಸ್ಕ್ಯಾನರ್ ಹುಡುಗ ಇಂಜಿನ್ನಲ್ಲಿ ಏನೂ ಎರರ್ ಇಲ್ಲ ಅಂದ.

ಬೇರಿಂಗ್ ಹಾಕಿ ಆಯ್ತು. ಮಳೆ ಹಿಡಿಯೋದ್ರೊಳಗೆ ಎರಡೂ ಆಕ್ಸಲ್ ಬ್ರೀದರಿಗೆ ಉದ್ದ ಪೈಪ್ ಹಾಕಿ ಬಾನೆಟ್ ಎತ್ತರಕ್ಕೆ ಏರಿಸೋದೊಂದು ಬಾಕಿ ಇದೆ. ಮುಂದಿನ ವಾರ ಮೇಸ್ತ್ರಿ ಮತ್ತೆ ಆ ಹುಡುಗ ಇಬ್ಬರೂ ಒಂದೇ ದಿನ ಬರ್ತೀನಿ ಅಂದಿದ್ದಾರೆ. ಹುಡುಗ ಮೇಸ್ತ್ರಿ ಹತ್ರ ಟ್ರಾನ್ಸ್‌ಫರ್ ಕೇಸ್ ಬಿಚ್ಚೋದು ಕಲೀಬೇಕಂತೆ. ಅದಕ್ಕೆ ಬೇಕಾದ್ರೆ ನಮ್ಮ ಗಾಡೀನೇ ಬಿಚ್ಚಿ ನೋಡ್ಲಿ ಅಂತ ಹೇಳಿದ್ದೀನಿ.